ಹಿಂದಿರುಗಿ ಬಂದ ಎಪ್ಪತ್ತೆರಡು ಮಂದಿ



ಕೆಲವು ತಿಂಗಳ ಹಿಂದೆ ಸಾಂಬ್ರಾ ವಿಮಾನ ನಿಲ್ದಾಣದ ಬಾಗಿಲಲ್ಲಿ ನಮ್ಮ ಧರ್ಮಕೇಂದ್ರದ ಒಂದು ಕುಟುಂಬದ ಜೊತೆ ನಿಂತಿದ್ದೆ. ಆ ಮನೆಯ ಮಗಳು ನರ್ಸ್. ತಾಂಜಾನಿಯ ದೇಶದಲ್ಲಿ ಕನ್ಯಾಸ್ತ್ರೀಯರು ನಡೆಸುವ ಒಂದು ಸಣ್ಣ ಆಸ್ಪತ್ರೆಯಲ್ಲಿ ಒಂದು ವರ್ಷ ಸೇವೆ ಮಾಡಲು ಹೊರಟಿದ್ದಳು. ಸಾಂಬ್ರಾದಿಂದ ಮುಂಬಯಿಗೆ, ಅಲ್ಲಿಂದ ಸಮುದ್ರ ದಾಟಿ ಆಫ್ರಿಕಕ್ಕೆ. ತಂದೆ ಸಾಮಾನಿನ ತೂಕದ ಚಿಂತೆಯಲ್ಲಿದ್ದರು, ತಮ್ಮ ಫೋಟೋ ತೆಗೆಯುತ್ತಿದ್ದ. ತಾಯಿ ಮಾತ್ರ ಮಾತಿಲ್ಲದೆ ನಿಂತಿದ್ದರು. ಮಗಳು ಗಾಜಿನ ಬಾಗಿಲು ದಾಟಿ ಕಣ್ಮರೆಯಾದ ಮೇಲೆ ಅವರು ನನ್ನ ಕಡೆ ತಿರುಗಿ ಕೇಳಿದರು:

"ಫಾದರ್, ಇಲ್ಲೇ ನಮ್ಮ ದವಾಖಾನ್ಯಾಗ ನರ್ಸ್ ಸಿಗಂಗಿಲ್ಲ ಅಂತ ನೀವ ಹೇಳ್ತೀರಿ. ಹಂಗಿದ್ರ ನನ್ನ ಮಗಳನ್ನ ಅಷ್ಟ ದೂರ ಯಾಕ ಕಳಿಸಿದ್ರಿ? ಒಂದ ವರ್ಷದಾಗ ಅಕಿ ಅಲ್ಲಿ ಏನ ಮಾಡ್ಯಾಳು?"

ದೇವರ ಚಿತ್ತ, ಧರ್ಮಸಭೆಯ ಕರೆ ಎಂದು ಏನೋ ಎರಡು ಮಾತು ಹೇಳಿದೆ. ತಾಯಿಯ ಕಣ್ಣೀರಿನ ಮುಂದೆ ಅವು ನಿಲ್ಲಲಿಲ್ಲ. ಗುರುವಿದ್ಯಾಮಂದಿರದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿ ಬಂದವನಿಗೆ ಇಷ್ಟು ನೇರವಾದ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ತಾಯಿಗೆ ಕೊಡಬೇಕಾಗಿದ್ದ ಉತ್ತರ. ಜೊತೆಗೆ, ನಾನು ಬಹಳ ದಿನದಿಂದ ಮುಚ್ಚಿಟ್ಟುಕೊಂಡಿದ್ದ ಒಂದು ತಪ್ಪೊಪ್ಪಿಗೆಯೂ ಹೌದು.

ಮೊದಲು ಶುಭಸಂದೇಶದ ಕಡೆ ನೋಡೋಣ. ಸ್ವಲ್ಪ ಕಾಲಕ್ಕೆಂದು ಹೋಗಿ ಹಿಂದಿರುಗುವ ಧರ್ಮಸೇವೆ ವಿಮಾನ ಬಂದ ಮೇಲೆ ಹುಟ್ಟಿದ್ದಲ್ಲ. ಸಂತ ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಎಪ್ಪತ್ತೆರಡು ಮಂದಿಯನ್ನು ಇಬ್ಬಿಬ್ಬರನ್ನಾಗಿ ಕಳುಹಿಸುತ್ತಾರೆ. ಇವರು ಹನ್ನೆರಡು ಪ್ರೇಷಿತರಲ್ಲ. ಇವರ ಹೆಸರುಗಳನ್ನು ಲೂಕ ಬರೆದಿಟ್ಟಿಲ್ಲ. ಎಲ್ಲಿಗೆ ಕಳುಹಿಸುತ್ತಾರೆ? ತಾವೇ ಮುಂದೆ ಹೋಗಲಿದ್ದ ಊರುಗಳಿಗೆ. ಅಂದರೆ ಊರನ್ನು ಉದ್ಧಾರ ಮಾಡುವವರು ಇವರಲ್ಲ, ಹಿಂದೆ ಬರುವ ಸ್ವಾಮಿಗೆ ದಾರಿ ತೆರೆಯುವವರು. ಹಣದ ಚೀಲ ಬೇಡ, ಜೋಳಿಗೆ ಬೇಡ, ಪಾದರಕ್ಷೆ ಬೇಡ ಎನ್ನುತ್ತಾರೆ ಸ್ವಾಮಿ. ಒಂದೇ ಮನೆಯಲ್ಲಿ ಇರಿ, ಮನೆಯಿಂದ ಮನೆಗೆ ಹಾರಬೇಡಿ, ಬಡಿಸಿದ್ದನ್ನು ಉಣ್ಣಿರಿ ಎನ್ನುತ್ತಾರೆ.

ಈ ಆಜ್ಞೆಗಳನ್ನು ನಾವು ಬಡತನದ ಪಾಠವೆಂದು ಓದುತ್ತೇವೆ, ಅದು ಸರಿಯೇ. ಆದರೆ ಇನ್ನೊಂದು ಅರ್ಥವೂ ಅಲ್ಲಿದೆ. ಚೀಲವಿಲ್ಲದೆ ಹೋದವನು ಕೊಡುವವನಾಗಿ ಹೋಗಲಾರ. ರಾತ್ರಿಯ ಊಟಕ್ಕೂ ಮಲಗುವ ಜಾಗಕ್ಕೂ ಆ ಊರಿನವರ ಬಾಗಿಲಲ್ಲೇ ನಿಲ್ಲಬೇಕು. ಸ್ವಾಮಿ ತಮ್ಮ ಶಿಷ್ಯರನ್ನು ಅತಿಥಿಗಳನ್ನಾಗಿ ಕಳುಹಿಸಿದರು, ಧಣಿಗಳನ್ನಾಗಿ ಅಲ್ಲ. ಈ ಮಾತನ್ನು ನಾನು ಪೀಠದಿಂದ ಎಷ್ಟೋ ಸಲ ಹೇಳಿದ್ದೆ. ಅದರ ಅರ್ಥ ತಿಳಿದದ್ದು ಮಾತ್ರ ನಾನೇ ಎಡವಿ ಬಿದ್ದ ಮೇಲೆ.

ನನ್ನಂಥ ಧರ್ಮಕ್ಷೇತ್ರದ ಗುರುಗಳು ಸ್ವಲ್ಪ ಕಾಲ ಪರದೇಶಕ್ಕೆ ಹೋಗುವ ರೂಢಿಗೆ ಒಂದು ಚರಿತ್ರೆಯಿದೆ. ಮೊದಲೆಲ್ಲ ಪರದೇಶದ ಮಿಶನ್ ಕೆಲಸ ಸನ್ಯಾಸ ಸಭೆಗಳದ್ದು ಎಂಬ ಭಾವನೆಯಿತ್ತು. 1957ರ ಏಪ್ರಿಲ್ 21ರಂದು ಪೋಪ್ ಹನ್ನೆರಡನೆಯ ಪಿಯೂಸ್ ಅವರು 'ಫಿದೇಯಿ ದೋನುಂ', ಅಂದರೆ 'ವಿಶ್ವಾಸದ ವರ' ಎಂಬ ವಿಶ್ವಪತ್ರ ಬರೆದರು. ಆಫ್ರಿಕದ ಧರ್ಮಸಭೆಯ ಕೊರತೆಯನ್ನು ಕಂಡು, ಪ್ರತಿಯೊಬ್ಬ ಧರ್ಮಾಧ್ಯಕ್ಷರೂ ಇಡೀ ಲೋಕದ ಧರ್ಮಸಭೆಗೆ ಹೊಣೆಗಾರರೆಂದು ನೆನಪಿಸಿ, ತಮ್ಮ ಕೆಲವು ಗುರುಗಳನ್ನು ಕೆಲವು ಕಾಲಕ್ಕಾದರೂ ಅಲ್ಲಿಗೆ ಎರವಲು ಕೊಡಬೇಕೆಂದು ಕೇಳಿಕೊಂಡರು. ಅಲ್ಲಿಂದೀಚೆಗೆ ಹೀಗೆ ಹೋಗುವವರನ್ನು 'ಫಿದೇಯಿ ದೋನುಂ ಗುರುಗಳು' ಎಂದೇ ಕರೆಯುವುದು ವಾಡಿಕೆ. 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಮಿಶನ್ ಕಾರ್ಯದ ಪತ್ರವು ಸ್ವಲ್ಪ ಕಾಲಕ್ಕೆ ಹೋಗುವವರಿಗೂ ತಕ್ಕ ತರಬೇತಿ ಬೇಕು, ಇನ್ನೊಂದು ಜನರ ಬಳಿಗೆ ಹೋಗುವವನು ಅವರ ಭಾಷೆ, ಸಂಪ್ರದಾಯಗಳನ್ನು ಗೌರವದಿಂದ ಕಾಣಬೇಕು ಎಂದು ಸ್ಪಷ್ಟವಾಗಿ ತಿಳಿಸಿದೆ.

2014ರ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಮೂರು ತಿಂಗಳು ತಾಂಜಾನಿಯದ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿದ್ದೆ. ಅಲ್ಲಿನ ಗುರುಗಳು ಚಿಕಿತ್ಸೆಗಾಗಿ ನಗರಕ್ಕೆ ಹೋಗಿದ್ದರು. ಒಬ್ಬ ಗುರುವಿಗೆ ಹತ್ತಾರು ಉಪಕೇಂದ್ರಗಳು. ಹೆಚ್ಚಿನ ಭಾನುವಾರಗಳಲ್ಲಿ ಅಲ್ಲಿ ಪ್ರಾರ್ಥನೆ ನಡೆಸುವವರು ಉಪದೇಶಿಗಳೇ.

ಮೊದಲ ಸವಾಲು ಭಾಷೆ. ಕಿಸ್ವಾಹಿಲಿ ಭಾಷೆಯ ಪೂಜೆಯ ಪ್ರಾರ್ಥನೆಗಳನ್ನು ಒಂದು ನೋಟುಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಕನ್ನಡದಂತೆ ಆ ಭಾಷೆಯಲ್ಲೂ ಪದಗಳು ಸ್ವರದಲ್ಲೇ ಮುಗಿಯುವುದರಿಂದ ನಾಲಿಗೆ ಬೇಗ ಹೊಂದಿಕೊಂಡಿತು. ಕ್ರಮೇಣ ಒಂದು ಅಚ್ಚರಿ ಕಾದಿತ್ತು. ಸುದ್ದಿಗೆ ಅವರು 'ಹಬಾರಿ' ಎನ್ನುತ್ತಾರೆ, ನಮ್ಮ ಬೆಳಗಾವಿಯ 'ಖಬರು'. ಔಷಧಿಗೆ 'ದಾವಾ', ನಮ್ಮ ದವಾಖಾನೆಯ 'ದವಾ'. ಅಂಗಡಿಗೆ 'ದೂಕಾ', ನಮ್ಮ 'ದುಕಾನ'. ವಾಹನಕ್ಕೆ 'ಗಾರಿ', ನಮ್ಮ 'ಗಾಡಿ'. ಹಿಂದೂ ಮಹಾಸಾಗರದಲ್ಲಿ ಓಡಾಡಿದ ವ್ಯಾಪಾರಿಗಳು ಈ ಮಾತುಗಳನ್ನು ಎರಡೂ ದಡದಲ್ಲಿ ಇಳಿಸಿ ಹೋಗಿದ್ದಾರೆ. ಮಕ್ಕಳು ಹಿರಿಯರನ್ನು ಕಂಡರೆ 'ಶಿಕಮೋ' ಎಂದು ತಲೆಬಾಗುತ್ತವೆ. ನಿಮ್ಮ ಕಾಲು ಹಿಡಿಯುತ್ತೇನೆ ಎಂಬುದು ಅದರ ಮೂಲಾರ್ಥವಂತೆ. ಊಟ ಗೋವಿನಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಅವರೆಯಂಥ ಕಾಳಿನ ಪಲ್ಯ. ಮುದ್ದೆಯ ರಾಜ್ಯದಿಂದ ಹೋದವನಿಗೆ ಅದು ಹೊಸದೇನೂ ಆಗಿರಲಿಲ್ಲ. ಭಾನುವಾರದ ಪೂಜೆಯಲ್ಲಿ ಕಾಣಿಕೆಯ ಮೆರವಣಿಗೆಗೆ ಜನ ಹಾಡುತ್ತ ಹೆಜ್ಜೆ ಹಾಕುತ್ತ ಬರುತ್ತಿದ್ದರು. ಮೊಟ್ಟೆ, ಬಾಳೆಗೊನೆ, ಕೆಲವೊಮ್ಮೆ ಜೀವಂತ ಕೋಳಿ! ಇವೆಲ್ಲ ಸಂತೋಷದ ನೆನಪುಗಳು.

ಇನ್ನು ನನ್ನ ತಪ್ಪಿನ ಸಂಗತಿ. ಇಲ್ಲಿಂದ ಹೊರಡುವಾಗ ನಮ್ಮ ಕುಟುಂಬಗಳು ಪ್ರೀತಿಯಿಂದ ಕೂಡಿಸಿ ಕೊಟ್ಟ ಸ್ವಲ್ಪ ಹಣ ನನ್ನ ಕೈಯಲ್ಲಿತ್ತು. ಎರಡನೆಯ ವಾರದಲ್ಲೇ ಹೆಂಗಸರು ತಲೆಯ ಮೇಲೆ ಬಕೆಟ್ ಹೊತ್ತು ಹಳ್ಳದಿಂದ ನೀರು ತರುವುದನ್ನು ಕಂಡೆ. ನನ್ನ ಮನಸ್ಸು ಕೂಡಲೇ ತೀರ್ಮಾನಿಸಿತು: ದೇವಾಲಯದ ಚಾವಣಿಯ ಮಳೆನೀರು ಹಿಡಿಯಲು ಒಂದು ಟಾಕಿ ಕಟ್ಟಿಸಬೇಕು. ಉಪದೇಶಿಗೆ ಹೇಳಿದೆ. ಆ ಹಿರಿಯರು ನಕ್ಕು 'ತುತಾಓನಾ, ಪಾದ್ರಿ' ಎಂದರು. 'ನೋಡೋಣ ಫಾದರ್' ಎಂದರ್ಥ. ನಮ್ಮೂರಲ್ಲಿ ಯಾರಾದರೂ 'ನೋಡೂಣ ಬಿಡ್ರಿ' ಎಂದರೆ ಅದು ಬೇಡ ಎನ್ನುವ ಸಭ್ಯ ಮಾತೆಂದು ನನಗೆ ತಿಳಿಯದೇ? ಅಲ್ಲಿ ತಿಳಿಯಲಿಲ್ಲ, ಏಕೆಂದರೆ ತಿಳಿಯಲು ನನಗೆ ಪುರುಸೊತ್ತಿರಲಿಲ್ಲ. ಇದ್ದದ್ದು ಮೂರೇ ತಿಂಗಳು. ಏನಾದರೂ ಮಾಡಿ ತೋರಿಸಬೇಕಿತ್ತು.

ಟಾಕಿ ಎದ್ದಿತು. ನವೆಂಬರಿನ ಮಳೆಗೆ ತುಂಬಿತು. ನಾನು ಫೋಟೋ ತೆಗೆದುಕೊಂಡೆ. ಆದರೆ ಹೆಂಗಸರು ಮೊದಲಿನಂತೆ ಹಳ್ಳಕ್ಕೇ ನಡೆಯುತ್ತಿದ್ದರು. ದೇವಾಲಯ ಇದ್ದದ್ದು ಗುಡ್ಡದ ಮೇಲೆ, ಮನೆಗಳೂ ಹಳ್ಳವೂ ಕೆಳಗೆ. ತುಂಬಿದ ಬಕೆಟ್ ಹೊತ್ತು ಜಾರುವ ಗುಡ್ಡ ಇಳಿಯುವವರು ಯಾರು? ಅಲ್ಲದೆ ಹಳ್ಳವೆಂದರೆ ಅವರಿಗೆ ನೀರು ಮಾತ್ರವಲ್ಲ. ಬಟ್ಟೆ ಒಗೆಯುವ ಜಾಗ, ಸುಖದುಃಖ ಹಂಚಿಕೊಳ್ಳುವ ಜಾಗ. ಇದನ್ನು ತಿಳಿಯಲು ಒಬ್ಬ ತಾಯಿಯನ್ನು ಕೇಳಿದ್ದರೆ ಸಾಕಿತ್ತು. ಟಾಕಿ ಕಟ್ಟುವ ಮೊದಲು ನಾನು ಒಬ್ಬರನ್ನೂ ಕೇಳಿರಲಿಲ್ಲ.

ನಮ್ಮ ಓದಿನ ದಿನಗಳಲ್ಲಿ ಮಾರ್ಟಿನ್ ಬೂಬರ್ ಎಂಬ ಯೆಹೂದ್ಯ ತತ್ವಜ್ಞಾನಿಯ ವಿಚಾರ ಓದಿದ್ದೆ. ಮನುಷ್ಯ ಎದುರಿನವನನ್ನು ಎರಡು ಬಗೆಯಲ್ಲಿ ಕಾಣಬಲ್ಲ: 'ನೀನು' ಎಂದು, ಇಲ್ಲವೇ 'ಅದು' ಎಂದು. ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ಆದರೆ ಆ ಹಳ್ಳಿಯ ತಾಯಂದಿರು ನನ್ನ ಪಾಲಿಗೆ 'ಅದು' ಆಗಿದ್ದರು: ನಾನು ಬಗೆಹರಿಸಬೇಕಾದ ಒಂದು ಸಮಸ್ಯೆ.

ಈ ಎಡವಟ್ಟು ನನ್ನೊಬ್ಬನದೇ ಅಲ್ಲ. 1961ರಲ್ಲಿ ರೋಮಿನಿಂದ ಉತ್ತರ ಅಮೆರಿಕದ ಸನ್ಯಾಸ ಸಭೆಗಳಿಗೆ ಒಂದು ಕರೆ ಹೋಯಿತು: ಹತ್ತು ವರ್ಷದೊಳಗೆ ನಿಮ್ಮ ನೂರಕ್ಕೆ ಹತ್ತು ಮಂದಿಯನ್ನು ಲ್ಯಾಟಿನ್ ಅಮೆರಿಕದ ಕಡೆಗೆ ಕಳುಹಿಸಿರಿ ಎಂದು. ಬೇಸಿಗೆಯ ರಜೆಯಲ್ಲಿ ವಿದ್ಯಾರ್ಥಿಗಳೂ ಗುಂಪಾಗಿ ಮೆಕ್ಸಿಕೋ ಹಳ್ಳಿಗಳಿಗೆ ಸೇವೆಗೆಂದು ಹೋಗುತ್ತಿದ್ದರು. ಕುಯೆರ್ನವಾಕಾ ಎಂಬ ಊರಿನಲ್ಲಿ ಇಂಥವರಿಗೆ ಭಾಷೆ ಕಲಿಸುವ ಕೇಂದ್ರ ನಡೆಸುತ್ತಿದ್ದ ಪುರೋಹಿತ ಇವಾನ್ ಇಲಿಚ್ 1968ರ ಏಪ್ರಿಲಿನಲ್ಲಿ ಆ ವಿದ್ಯಾರ್ಥಿಗಳ ಮುಂದೆಯೇ ನಿಂತು ಕಟುವಾಗಿ ಮಾತನಾಡಿದರು. ಬಡವರ ಮಾತೇ ತಿಳಿಯದೆ ಅವರಿಗೆ ಒಳ್ಳೆಯದು ಮಾಡಲು ಬಂದವರು ಹಾನಿಯನ್ನೇ ಮಾಡುತ್ತಾರೆ. ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬುದು ಅವರ ವಾದದ ಸಾರ. ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ರೋಗಿಗೆ ನರ್ಸ್ ಬೇಕು, ಪೂಜೆಗೆ ಗುರು ಬೇಕು. ಆದರೂ ಆ ಟಾಕಿಯನ್ನು ನೆನೆದಾಗಲೆಲ್ಲ ಅವರ ಮಾತು ಚುಚ್ಚುತ್ತದೆ.

ಹಾಗಾದರೆ ಆ ಮೂರು ತಿಂಗಳು ವ್ಯರ್ಥವೇ? ಇಲ್ಲ. ನನ್ನ ಮುಖ ಬಾಡಿದ್ದನ್ನು ಕಂಡ ಉಪದೇಶಿ ಒಂದು ದಿನ ನನ್ನನ್ನು ದೂರದ ಉಪಕೇಂದ್ರಕ್ಕೆ ಸೈಕಲ್ ಮೇಲೆ ಕರೆದೊಯ್ದರು. ಅಲ್ಲಿ ಒಬ್ಬ ಮುದುಕರು ಮರಣಶಯ್ಯೆಯಲ್ಲಿದ್ದರು. ನೋಟುಪುಸ್ತಕ ಹಿಡಿದು ರೋಗಿಗಳ ಅಭ್ಯಂಗದ ಸಂಸ್ಕಾರ ನೀಡಿದೆ. ಅದಾದ ಮೇಲೆ ಹೇಳಲು ನನ್ನಲ್ಲಿ ಒಂದು ಸಾಂತ್ವನದ ಮಾತೂ ಇರಲಿಲ್ಲ. ಜೇಬಿನಲ್ಲಿದ್ದ ಜಪಮಾಲೆ ತೆಗೆದು, ಬೇರೆ ದಾರಿ ಕಾಣದೆ, ಕನ್ನಡದಲ್ಲೇ ಜಪ ಆರಂಭಿಸಿದೆ. ಅವರ ಹೆಂಡತಿ ಮಕ್ಕಳು ಕಿಸ್ವಾಹಿಲಿಯಲ್ಲಿ ಉತ್ತರಿಸಿದರು. ಮಣಿಗಳು ಅವೇ, ತಾಯಿ ಮರಿಯಮ್ಮನವರೂ ಅವರೇ. ಐದು ದಶಕ ಮುಗಿಯುವವರೆಗೆ ಆ ಮುದುಕರ ಕೈ ನನ್ನ ಕೈಯಲ್ಲಿತ್ತು. ಮರುದಿನ ಬೆಳಗ್ಗೆ ಅವರು ತೀರಿಕೊಂಡರು. ಮಣ್ಣು ಕೊಡುವಾಗ ಆ ವಿಧವೆ ನನ್ನನ್ನು ಕೈಹಿಡಿದು ಮಕ್ಕಳ ಸಾಲಿನಲ್ಲಿ ನಿಲ್ಲಿಸಿದರು. ಹಣ ಖರ್ಚಾಗಿತ್ತು, ಮಾತು ಇರಲಿಲ್ಲ. ಏನೂ ಇಲ್ಲದ ಕೈಯನ್ನು ಅವರು ಹಿಡಿದರು. ಅಂದು ನಾನು ಆ ಊರಿಗೆ ಬಂದು ಎರಡು ತಿಂಗಳು ಕಳೆದಿತ್ತು. ನಿಜವಾಗಿ ಬಂದದ್ದು ಅಂದೇ.

ಊರಿಗೆ ಮರಳಿದ ಮೇಲೆ ಧರ್ಮಕೇಂದ್ರದ ಸಭಾಂಗಣದಲ್ಲಿ ಫೋಟೋ ತೋರಿಸಿದೆ. ಟಾಕಿಯ ಚಿತ್ರ ಬಂದಾಗ ಜನ ಚಪ್ಪಾಳೆ ತಟ್ಟಿದರು. ಹೆಂಗಸರು ಇನ್ನೂ ಹಳ್ಳಕ್ಕೇ ಹೋಗುತ್ತಾರೆ ಎಂದು ನಾನು ಹೇಳಲಿಲ್ಲ. ಹಣ ಕೊಟ್ಟವರು ನೀವು. ನಿಮಗೆ ಈ ಸತ್ಯವನ್ನು ಇಂದು ಹೇಳುತ್ತಿದ್ದೇನೆ. ಕ್ಷಮಿಸಿರಿ.

ಅದಾಗಿ ಕೆಲವೇ ವಾರಗಳಲ್ಲಿ, 2015ರ ಜನವರಿ 14ರಂದು, ಪೋಪ್ ಫ್ರಾನ್ಸಿಸ್ ಅವರು ಕೊಲಂಬೋ ನಗರದಲ್ಲಿ ಪೂಜ್ಯ ಜೋಸೆಫ್ ವಾಜ್ ಅವರನ್ನು ಸಂತರೆಂದು ಘೋಷಿಸಿದರು. ಟಿವಿಯ ಮುಂದೆ ಕುಳಿತಿದ್ದ ನನಗೆ ನಾಚಿಕೆಯಾಯಿತು. ಗೋವೆಯ ಬೆನಾವ್ಲಿಯಲ್ಲಿ 1651ರಲ್ಲಿ ಹುಟ್ಟಿದ ಈ ಗುರುಗಳು ಮೊದಲು ಬಂದದ್ದು ನಮ್ಮ ಕನ್ನಡ ಕರಾವಳಿಗೆ. 1681ರಿಂದ 1684ರವರೆಗೆ, ಕೇವಲ ಮೂರು ವರ್ಷ, ಪೋರ್ಚುಗೀಸರ ಆಡಳಿತದ ಹೊರಗಿದ್ದ ಕೆನರಾದಲ್ಲಿ ದುಡಿದು ಗೋವೆಗೆ ಹಿಂದಿರುಗಿದರು. ಧರ್ಮಾಧಿಕಾರ ಯಾರದೆಂಬ ಜಗಳದ ನಡುವೆ, ಚದುರಿಹೋಗಿದ್ದ ಜನರನ್ನು ತಾಳ್ಮೆಯಿಂದ ಒಟ್ಟುಗೂಡಿಸಿದರು. ಆ ಮೂರು ವರ್ಷದಲ್ಲಿ ಅವರು ಕಲಿತದ್ದು ಮುಂದೆ ಕಾಣಿಸಿತು. 1687ರಲ್ಲಿ ಡಚ್ಚರು ಕಥೋಲಿಕ ಗುರುಗಳಿಗೆ ಬಾಗಿಲು ಮುಚ್ಚಿದ್ದ ಶ್ರೀಲಂಕೆಗೆ ಅವರು ಕೂಲಿಯವನ ವೇಷದಲ್ಲಿ ಇಳಿದರು. ಹಸಿವು, ಭೇದಿಯಿಂದ ಬಳಲಿದರು. ತಮಿಳು, ಸಿಂಹಳ ಭಾಷೆಗಳನ್ನು ಕಲಿತರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯಕ್ಕೆ ಸೆರೆಮನೆ ಕಂಡರು. 1697ರಲ್ಲಿ ಸಿಡುಬು ಹಬ್ಬಿದಾಗ, ಮನೆಯವರೇ ಬಿಟ್ಟುಹೋದ ರೋಗಿಗಳ ಆರೈಕೆ ಮಾಡಿದರು. 1711ರ ಜನವರಿ 16ರಂದು ಅಲ್ಲೇ ದೇವರ ಪಾದ ಸೇರಿದರು.

ಕೂಲಿಯವನ ಬಟ್ಟೆ ಅವರಿಗೆ ಕೇವಲ ವೇಷವಾಗಿ ಉಳಿಯಲಿಲ್ಲ. ನಾನಾದರೋ ಬಟ್ಟೆ ಬದಲಿಸಿದರೂ ಒಳಗೆ ಕಂತ್ರಾಟುದಾರನಾಗಿಯೇ ಉಳಿದಿದ್ದೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಅಮ್ಮಾ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಇಲ್ಲಿ ಕೊರತೆ ತುಂಬಿದ ಮೇಲೆ ಹೊರಗೆ ಕಳುಹಿಸೋಣ ಎಂದರೆ ಯಾವ ಧರ್ಮಸಭೆಯೂ ಯಾರನ್ನೂ ಕಳುಹಿಸುತ್ತಿರಲಿಲ್ಲ. ಆಗ ನಮ್ಮ ಬಳಿಗೂ ಯಾರೂ ಬರುತ್ತಿರಲಿಲ್ಲ. ನಮ್ಮ ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1953ರಲ್ಲಿ. ಅದಕ್ಕೆ ಬಹಳ ಮೊದಲೇ ಹೊರಗಿನಿಂದ ಬಂದ ಗುರುಗಳು ಈ ನೆಲದಲ್ಲಿ ಬಿತ್ತಿದ್ದರು. ಪಡೆದುಕೊಂಡ ಸಾಲ ಇದು; ಕೊಟ್ಟವರಿಗಲ್ಲದಿದ್ದರೂ ಇನ್ನೊಬ್ಬರಿಗೆ ತೀರಿಸಬೇಕು.

ಒಂದು ವರ್ಷದಲ್ಲಿ ನಿಮ್ಮ ಮಗಳು ಏನು ಮಾಡಿಯಾಳು? ಬಹಳವೇನೂ ಮಾಡಲಾರಳು. ಮೊದಲ ಮೂರು ತಿಂಗಳು ಭಾಷೆ ಕಲಿಯುವಾಗ ಆಸ್ಪತ್ರೆಯ ಆಯಾಗಿಂತ ಕಡಿಮೆ ಕೆಲಸ ಮಾಡುವಳು. ಮನೆಯ ನೆನಪಾಗಿ ಅಳುವಳು. ಆಮೇಲೆ ಒಂದು ದಿನ ಯಾರೋ ಒಬ್ಬ ತಾಯಿ ಅವಳ ಹೆಸರು ಹಿಡಿದು ಕರೆಯುವರು. ಅಂದಿನಿಂದ ಅವಳ ಸೇವೆ ಶುರುವಾಗುವುದು.

ಆ ಎಪ್ಪತ್ತೆರಡು ಮಂದಿ ಹಿಂದಿರುಗಿದಾಗ ತುಂಬಾ ಸಂತೋಷದಿಂದಿದ್ದರು ಎನ್ನುತ್ತಾನೆ ಲೂಕ. ದೆವ್ವಗಳೂ ತಮ್ಮ ಮಾತು ಕೇಳಿದವೆಂದು ಹೇಳಿಕೊಂಡರು. ಯೇಸುಸ್ವಾಮಿ ಅವರ ಸಂತೋಷವನ್ನು ಕಸಿದುಕೊಳ್ಳಲಿಲ್ಲ, ತಿದ್ದಿದರು. ಸಾಧಿಸಿದ್ದಕ್ಕಾಗಿ ಹಿಗ್ಗಬೇಡಿ, ನಿಮ್ಮ ಹೆಸರು ಸ್ವರ್ಗದಲ್ಲಿ ಬರೆದಿದೆ ಎಂಬುದಕ್ಕಾಗಿ ಹಿಗ್ಗಿರಿ ಎಂದರು. ಟಾಕಿಯ ಫೋಟೋ ನನ್ನ ಮೊದಲ ಬಗೆಯ ಸಂತೋಷ. ಆ ಮುದುಕರ ಮಕ್ಕಳ ಸಾಲಿನಲ್ಲಿ ನಿಂತದ್ದು ಎರಡನೆಯ ಬಗೆಯದು.

ಹೋಗಬೇಕೆಂದಿರುವ ಯುವಕ ಯುವತಿಯರಿಗೆ ಕೆಲವು ಮಾತು. ಅಲ್ಲಿನ ಧರ್ಮಸಭೆ ಕರೆದರೆ ಮಾತ್ರ ಹೋಗಿರಿ. ಆ ದೇಶದ ಕಾನೂನಿನ ಪ್ರಕಾರ ಸೇವೆಗೆ ತಕ್ಕ ವೀಸಾ, ಕೆಲಸದ ಪರವಾನಗಿ ಮಾಡಿಸಿಕೊಳ್ಳಿರಿ. ಆಫ್ರಿಕದ ಅನೇಕ ದೇಶಗಳಿಗೆ ಹೋಗಿಬರಲು ಹಳದಿ ಜ್ವರದ ಲಸಿಕೆಯ ಪತ್ರ ಬೇಕು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಲಸಿಕೆ ಹಾಕಿಸಿಕೊಳ್ಳಿರಿ. ಹೊರಡುವ ಮೊದಲೇ ಭಾಷೆಯ ನೂರು ಮಾತು ಕಲಿಯಿರಿ. ಬಡ ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಬೇಡಿರಿ. ನಿಮ್ಮ ತಂಗಿಯನ್ನು ಅಪರಿಚಿತರು ಹಾಗೆ ಮಾಡಿದರೆ ನಿಮಗೆ ಹೇಗನಿಸೀತು? ಹಿಂದಿರುಗಿದ ಮೇಲೆ, ಕೊಟ್ಟದ್ದರ ಲೆಕ್ಕಕ್ಕಿಂತ ಕಲಿತದ್ದರ ಲೆಕ್ಕವನ್ನು ಮೊದಲು ಒಪ್ಪಿಸಿರಿ.

ಮನೆಯಲ್ಲಿ ಉಳಿದವರ ಪಾತ್ರವೂ ಸಣ್ಣದಲ್ಲ. ಲಿಸಿಯೋದ ಸಂತ ತೆರೇಸಮ್ಮನವರು ಹದಿನೈದನೆಯ ವಯಸ್ಸಿನಲ್ಲಿ ಮಠ ಸೇರಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು. 1927ರಲ್ಲಿ ಧರ್ಮಸಭೆ ಅವರನ್ನು ಸಂತ ಫ್ರಾನ್ಸಿಸ್ ಜೇವಿಯರರ ಜೊತೆಗೆ ಮಿಶನ್‌ಗಳ ಪಾಲಕರೆಂದು ಸಾರಿತು. ಒಬ್ಬರು ಸಮುದ್ರಗಳನ್ನು ದಾಟಿದವರು, ಇನ್ನೊಬ್ಬರು ಮಠದ ಗೋಡೆ ದಾಟದವರು. ನಮಗೂ ಮನೆಯ ಹತ್ತಿರವೇ ಪರದೇಶವಿದೆ. ಖಾನಾಪುರದ ಇಟ್ಟಂಗಿ ಭಟ್ಟಿಗಳಲ್ಲಿ ಹೊರಗಿನಿಂದ ಬಂದು ದುಡಿಯುವ ಕುಟುಂಬಗಳಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ರೋಗಿಯನ್ನು ಹೊತ್ತೇ ನಡೆಯಬೇಕಾದ ಕಾಡಿನ ಊರುಗಳಿವೆ. ಸಾಂಬ್ರಾದ ವಾಯುಪಡೆಯ ತರಬೇತಿ ಶಾಲೆಗೆ ದೇಶದ ಮೂಲೆಮೂಲೆಯಿಂದ ಹುಡುಗರು ಬರುತ್ತಾರೆ.

ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿದ ಮೇಲೆ ಆ ತಾಯಿಯನ್ನು ದೇವಾಲಯದ ಅಂಗಳದಲ್ಲಿ ಕಂಡೆ. ತರಬೇತಿಗೆ ಬಂದ ಮಿಜೋರಾಮಿನ ಇಬ್ಬರು ಹುಡುಗರನ್ನು ಊಟಕ್ಕೆ ಕರೆದುಕೊಂಡು ಹೊರಟಿದ್ದರು. ಹುಡುಗರಿಗೆ ಕನ್ನಡ ಬಾರದು, ಮರಾಠಿ ಬಾರದು, ಕೊಂಕಣಿ ಬಾರದು. ತಾಯಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. "ಹೆಂಗ ಮಾತಾಡ್ತೀರಿ?" ಎಂದೆ.

"ಮಾತೇನ ಬೇಕ್ರಿ ಫಾದರ್, ಹಸದಾವ್ರಿಗೆ?" ಎಂದರು. ಸ್ವಲ್ಪ ತಡೆದು ಮತ್ತೆ ಹೇಳಿದರು: "ಅಲ್ಲಿ ನನ್ನ ಮಗಳಿಗೂ ಯಾವಾಕಿನೋ ಒಬ್ಬಾಕಿ ಕರದು ಉಣ್ಣಾಕ ಹಾಕ್ತಿರಬೇಕಲ್ರಿ."

ಇದಕ್ಕಿಂತ ದೊಡ್ಡ ಪ್ರಸಂಗ ನನಗೆ ಬಾರದು. ಈ ವಾರ ನಿಮ್ಮ ಮನೆಯಲ್ಲಿ ಜಪಮಾಲೆ ಹೇಳುವಾಗ ಒಂದು ದಶಕವನ್ನು ದೂರ ಹೋದವರಿಗಾಗಿ, ಇನ್ನೊಂದನ್ನು ಅವರಿಗೆ ಬಾಗಿಲು ತೆರೆದವರಿಗಾಗಿ ಅರ್ಪಿಸಿರಿ. ಒಬ್ಬ ಅಪರಿಚಿತರನ್ನು ಊಟಕ್ಕೆ ಕರೆಯಿರಿ.

ಓ ಕರ್ತರೇ, ನಮ್ಮನ್ನು ಕಳುಹಿಸುವಾಗ ನಮ್ಮ ಚೀಲವನ್ನು ಹಗುರ ಮಾಡಿರಿ. ನಾವು ಹೋಗುವ ಊರಿಗೆ ನೀವು ಮೊದಲೇ ಬಂದಿರುವಿರೆಂದು ತಿಳಿಯುವ ಕಣ್ಣು ಕೊಡಿರಿ. ಹಿಂದಿರುಗಿದಾಗ ಸತ್ಯ ಹೇಳುವ ನಾಲಿಗೆಯನ್ನು ಕೊಡಿರಿ. ಆಮೆನ್.